ವಾಸ್ಕೋದ ಸದಸ್ಯರಿಗೆ ಉತ್ತರ: 21 ಎಲೆಯ ಜಾದೂ ಮತ್ತು ಅದಕ್ಕೆ ಬೇಕಾಗುವ ಇಂಗ್ಲಿಷ್ ಪದಗಳು

ಮಾನ್ಯರೇ,

ನಿಮ್ಮ ವಸತಿ ಸಮುಚ್ಚಯದಲ್ಲಿ ಕನ್ನಡ, ಕೊಂಕಣಿ, ಮರಾಠಿ, ಹಿಂದಿ ಮಾತನಾಡುವ ಮಕ್ಕಳೆಲ್ಲ ಒಟ್ಟಿಗೆ ಸೇರುವುದರಿಂದ ಅರ್ಧ ಗಂಟೆಯ ಜಾದೂ ಮತ್ತು ಒಗಟಿನ ಕಾರ್ಯಕ್ರಮವನ್ನು ಇಂಗ್ಲಿಷಿನಲ್ಲಿಯೇ ನಡೆಸಬೇಕಾಗಿದೆ, ಅದಕ್ಕೆ ಜಾದೂ, ಪತ್ತೇದಾರಿಕೆ ಮತ್ತು ತರ್ಕಕ್ಕೆ ಸಂಬಂಧಿಸಿದ ಪದಗಳ ಪಟ್ಟಿಯನ್ನು ಕೊಡಿ ಎಂದು ಕೇಳಿದ್ದೀರಿ. ನಾನು ಪಟ್ಟಿ ಕೊಡುವುದಿಲ್ಲ. ಬಾಯಿಪಾಠ ಮಾಡಿದ ಪಟ್ಟಿ ಮಕ್ಕಳ ಎದುರಿಗೆ ನಿಂತಾಗ ನಾಲಿಗೆಗೆ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಂಥ ಪಟ್ಟಿಯಲ್ಲಿ ಪ್ರೇಕ್ಷಕರ ಮುಂದೆ ಆಡಲೇಬಾರದ ಮಾತುಗಳೂ ಉಳಿದವುಗಳ ಜೊತೆಗೆ ಸೇರಿಕೊಂಡಿರುತ್ತವೆ. ಆದ್ದರಿಂದ ಒಂದೇ ಒಂದು ಆಟವನ್ನು ಆರಿಸಿಕೊಂಡು, ಯಾವ ಪದವನ್ನು ಯಾರ ಮುಂದೆ ಆಡಬೇಕು ಎಂಬುದನ್ನು ಅದರ ಮೂಲಕವೇ ಹೇಳುತ್ತೇನೆ.

ಆಟವೆಂದರೆ ಎಲ್ಲರಿಗೂ ಗೊತ್ತಿರುವ 21 ಇಸ್ಪೀಟ್ ಎಲೆಯ ಆಟ: ಮಗು ಮನಸ್ಸಿನಲ್ಲಿ ಇಟ್ಟುಕೊಂಡ ಎಲೆಯನ್ನು ನೀವು ಕಂಡುಹಿಡಿಯುತ್ತೀರಿ. ಇದರಲ್ಲಿ ಕೈಚಳಕವಿಲ್ಲ, ಹಾಗಾಗಿ ಇಂಗ್ಲಿಷಿನ ಕಡೆಗೆ ಗಮನ ಹೋದರೂ ಆಟ ಕೆಡುವುದಿಲ್ಲ. ಮೊದಲು ಎಲೆ ಕಲಸುವುದಕ್ಕೆ ಶಫಲ್, ಕಟ್ಟನ್ನು ಎರಡು ಮಾಡಿ ಮೇಲೆ ಕೆಳಗೆ ಬದಲಿಸುವುದಕ್ಕೆ ಕಟ್, ಹಂಚುವುದಕ್ಕೆ ಡೀಲ್, ಮುಖ ಕಾಣುವಂತೆ ಇಡುವುದಕ್ಕೆ ಫೇಸ್ ಅಪ್, ಮಗುಚಿ ಇಡುವುದಕ್ಕೆ ಫೇಸ್ ಡೌನ್ ಎನ್ನುತ್ತಾರೆ. ಇಡೀ ಕಟ್ಟಿಗೆ ಪ್ಯಾಕ್ ಎಂದರೂ ಸರಿ, ಡೆಕ್ ಎಂದರೂ ಸರಿ. ಮೊದಲನೆಯದು ಬ್ರಿಟನ್ನಿನವರ ರೂಢಿ, ಎರಡನೆಯದು ಅಮೆರಿಕದವರದು. ನಮ್ಮ ಊರುಗಳ ಕಡೆಯ ಇಸ್ಪೀಟು, ಕಳಾವರ, ಆಠೀನುಗಳ ಬದಲಿಗೆ ಸ್ಪೇಡ್ಸ್, ಕ್ಲಬ್ಸ್, ಹಾರ್ಟ್ಸ್ ಎಂದು ಹೇಳುವ ಅಭ್ಯಾಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಿ. ಗುಲಾಮನಿಗೆ ಜ್ಯಾಕ್, ಎಕ್ಕಕ್ಕೆ ಏಸ್.

ಈ ಆಟದಲ್ಲಿ ಹೆಚ್ಚಿನ ಎಚ್ಚರ ಬೇಕಾಗಿರುವುದು ಕಾಲಮ್ ಮತ್ತು ರೋ ಎಂಬ ಎರಡು ಪದಗಳ ವಿಷಯದಲ್ಲಿ. ಎಲೆಗಳನ್ನು ಮುಖ ಕಾಣುವಂತೆ ಅಡ್ಡಸಾಲಿಗೆ ಮೂರರಂತೆ, ಒಂದೊಂದಾಗಿ ಹಂಚುತ್ತ ಬಂದರೆ ಏಳೇಳು ಎಲೆಗಳ ಮೂರು ಉದ್ದಸಾಲುಗಳಾಗುತ್ತವೆ. ಈ ಉದ್ದಸಾಲೇ ಕಾಲಮ್, ಅಡ್ಡಸಾಲು ರೋ. ತಾನು ಮನಸ್ಸಿನಲ್ಲಿ ಇಟ್ಟುಕೊಂಡ ಎಲೆ ಯಾವ ಕಾಲಮ್ಮಿನಲ್ಲಿದೆ ಎಂದು ಮಗು ಹೇಳಬೇಕು. ಮಗು ರೋ ಎಂದು ತಿಳಿದುಕೊಂಡು ಉತ್ತರಿಸಿದರೆ ಆಟ ಅಲ್ಲಿಗೇ ಮುಗಿಯಿತು. ಮಾತಿನ ಜೊತೆಗೆ ಬೆರಳಿನಿಂದ ಉದ್ದಸಾಲನ್ನು ಮೇಲಿನಿಂದ ಕೆಳಗೆ ಸವರಿ ತೋರಿಸಿ. ಮಗು ಹೇಳಿದ ಸಾಲನ್ನು ಉಳಿದೆರಡರ ನಡುವೆ ಸೇರಿಸಿ ಮತ್ತೆ ಹಂಚಬೇಕು. ಹೀಗೆ ಮೂರು ಸಲ ಮಾಡಿದರೆ ಆ ಎಲೆ 11ನೆಯದಾಗಿ ಬಂದು ನಿಲ್ಲುತ್ತದೆ.

ಇನ್ನು ನಮ್ಮ ನಮ್ಮಲ್ಲಿ ಮಾತ್ರ ಆಡುವ ಪದಗಳು. ಪ್ರೇಕ್ಷಕನಿಗೆ ಕಾಣುವುದು ಎಫೆಕ್ಟ್, ಅದನ್ನು ಸಾಧಿಸುವ ಗುಟ್ಟು ಮೆಥಡ್. ಪ್ರೇಕ್ಷಕ ತಾನೇ ಆರಿಸಿದೆ ಎಂದುಕೊಳ್ಳುವಂತೆ ನಮಗೆ ಬೇಕಾದ ಎಲೆಯನ್ನೇ ಅವನ ಕೈಗೆ ದಾಟಿಸುವುದು ಫೋರ್ಸ್. ಅಂಗೈಯಲ್ಲಿ ಅಡಗಿಸುವುದು ಪಾಮ್, ಇದರಲ್ಲಿ ಬರೆಯುವಾಗ ಬರುವ ಎಲ್ ಅಕ್ಷರವನ್ನು ಉಚ್ಚರಿಸುವುದಿಲ್ಲ. ಸ್ಲೈಟ್ ಎಂದರೆ ಕೈಚಳಕ. ಇದನ್ನು ಸ್ಲೇಟ್ ಎಂದು ಓದುವವರು ಬಹಳ. ಗಮನವನ್ನು ಬೇರೆಡೆಗೆ ಸೆಳೆಯುವುದು ಮಿಸ್‌ಡೈರೆಕ್ಷನ್, ಆಟದ ಉದ್ದಕ್ಕೂ ಆಡುವ ಮಾತುಗಾರಿಕೆ ಪ್ಯಾಟರ್. ಇವುಗಳಲ್ಲಿ ಯಾವುದನ್ನೂ, ವಿಶೇಷವಾಗಿ ಫೋರ್ಸ್ ಎಂಬುದನ್ನು, ಮಕ್ಕಳ ಮುಂದೆ ಬಾಯಿ ತಪ್ಪಿಯೂ ಆಡಬೇಡಿ. ಆ ಪದ ಕಿವಿಗೆ ಬಿದ್ದ ಕೂಡಲೇ, ನೀವು ಫೋರ್ಸ್ ಮಾಡದೇ ಇದ್ದರೂ, ಚುರುಕಿನ ಹುಡುಗ ಮುಂದಿನ ಎಲ್ಲ ಆಟಗಳಲ್ಲಿಯೂ ಅದನ್ನೇ ಹುಡುಕುತ್ತಾನೆ.

ಬ್ಲ್ಯಾಕ್ ಮ್ಯಾಜಿಕ್, ಸ್ಪೆಲ್, ಚಾರ್ಮ್ ಮುಂತಾದ ಮಾಟ ಮಂತ್ರಗಳ ಪದಗಳು ನಿಮಗೆ ಬೇಕಾಗಿಲ್ಲ. ಹೆತ್ತವರಲ್ಲಿ ಕೆಲವರಿಗೆ ಅವು ಹಿಡಿಸುವುದೂ ಇಲ್ಲ. ಟ್ರಿಕ್ ಎಂಬ ಸರಳ ಪದ ಸಾಕು.

ಆದರೆ ಹಿಪ್ನಾಟಿಸಂ, ಅಂದರೆ ಸಮ್ಮೋಹನದ ಕುರಿತು ಗೋವೆಯ ಮಕ್ಕಳು ಕೇಳಿಯೇ ಕೇಳುತ್ತಾರೆ, ಏಕೆಂದರೆ ಪಣಜಿಯಲ್ಲಿ ಆದಿಲ್‌ಶಾಹನ ಅರಮನೆಯೆಂದು ಹೆಸರಾದ ಹಳೆಯ ಸಚಿವಾಲಯದ ಪಕ್ಕದಲ್ಲಿ, ಸಮ್ಮೋಹನಕ್ಕೆ ಹೆಸರಾದ ಪಾದ್ರಿ ಅಬ್ಬೆ ಫರಿಯಾ ಅವರ ಪ್ರತಿಮೆಯನ್ನು ಅವರು ನೋಡಿರುತ್ತಾರೆ. ಹೆಂಗಸೊಬ್ಬಳ ಮೇಲೆ ಎರಡೂ ಕೈ ಚಾಚಿ ನಿಂತಿರುವ ಆ ಪ್ರತಿಮೆಯನ್ನು ಶಿಲ್ಪಿ ರಾಮಚಂದ್ರ ಪಾಂಡುರಂಗ ಕಾಮತ್ ಅವರು ಮಾಡಿದರು. ಅದನ್ನು ನಿಲ್ಲಿಸಿದ್ದು 1945ರಲ್ಲಿ. ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ 1819ರಲ್ಲಿ ತೀರಿಕೊಂಡ ಈ ಪಾದ್ರಿ ಮಾಂತ್ರಿಕರಲ್ಲ. ವೈದ್ಯ ಮೆಸ್ಮರ್ ಅವರ ಅನುಯಾಯಿಗಳು ಯಾವುದೋ ಅಯಸ್ಕಾಂತೀಯ ದ್ರವವೊಂದು ಒಬ್ಬರಿಂದ ಇನ್ನೊಬ್ಬರಿಗೆ ಹರಿಯುತ್ತದೆ ಎನ್ನುತ್ತಿದ್ದ ಕಾಲದಲ್ಲಿ, ಸಮ್ಮೋಹನದ ನಿದ್ರೆಗೆ ಕಾರಣ ನಿದ್ರಿಸುವವನ ಮನಸ್ಸಿನಲ್ಲಿಯೇ ಇದೆ ಎಂದು ಫರಿಯಾ ವಾದಿಸಿದರು. ಮೆಸ್ಮರಿಸಂ ಎಂಬುದು ದ್ರವದ ಆ ಹಳೆಯ ನಂಬಿಕೆಯ ಹೆಸರು. ಹಿಪ್ನಾಟಿಸಂ ಎಂಬ ಪದವನ್ನು 1840ರ ದಶಕದಲ್ಲಿ ಬಳಕೆಗೆ ತಂದವರು ಜೇಮ್ಸ್ ಬ್ರೇಡ್ ಎಂಬ ವೈದ್ಯರು. ಮಾತಿನ ಮೂಲಕ ಮನಸ್ಸಿಗೆ ಕೊಡುವ ಪ್ರೇರಣೆಗೆ ಸಜೆಷನ್ ಎನ್ನುತ್ತಾರೆ. ಇಷ್ಟನ್ನು ಹೇಳಿ ನಿಲ್ಲಿಸಿ. ಮಕ್ಕಳ ಮೇಲೆ ಪ್ರಯೋಗ ಮಾಡಿ ತೋರಿಸಲು ಹೋಗಬೇಡಿ.

ಆಟ ಮುಗಿದ ನಂತರ ಮಕ್ಕಳನ್ನೇ ಪತ್ತೇದಾರರನ್ನಾಗಿ ಮಾಡಿ. ಸುಳಿವಿಗೆ ಕ್ಲೂ, ಸಾಕ್ಷ್ಯಕ್ಕೆ ಎವಿಡೆನ್ಸ್, ಶಂಕಿತನಿಗೆ ಸಸ್ಪೆಕ್ಟ್, ಉದ್ದೇಶಕ್ಕೆ ಮೋಟಿವ್ ಎಂಬ ಪದಗಳು ಅವರಿಗೆ ಗೊತ್ತಿರುತ್ತವೆ. ಆಲಿಬೈ ಎಂಬುದನ್ನು ಮಾತ್ರ ಬಿಡಿಸಿ ಹೇಳಬೇಕು: ಅದು ಬರೀ ನೆಪವಲ್ಲ, ಘಟನೆಯ ಹೊತ್ತಿನಲ್ಲಿ ತಾನು ಬೇರೊಂದು ಕಡೆ ಇದ್ದೆ ಎಂಬ ವಾದ. ಓದುಗನ ದಾರಿ ತಪ್ಪಿಸುವ ಸುಳಿವಿಗೆ ರೆಡ್ ಹೆರಿಂಗ್ ಎಂಬ ಹೆಸರಿದೆ. ಹೊಗೆಯಾಡಿಸಿದಾಗ ಕೆಂಪಗಾಗಿ ಗಾಢ ವಾಸನೆ ಬರುವ ಮೀನು ಅದು, ಮೀನಿನ ಊರಿನ ಮಕ್ಕಳಿಗೆ ಇದು ಮರೆಯುವುದಿಲ್ಲ. ಜಾದೂಗಾರನ ಮಿಸ್‌ಡೈರೆಕ್ಷನ್ನಿನ ಕೆಲಸವನ್ನೇ ಕಥೆಗಾರ ಇದರಿಂದ ಮಾಡಿಸುತ್ತಾನೆ.

ತರ್ಕದ ಪದಗಳಲ್ಲಿ ಇನ್‌ಫರೆನ್ಸ್ ಎಂಬುದಕ್ಕೆ ಶಾಸ್ತ್ರದ ಪ್ರಕಾರ ಅನುಮಾನ ಎನ್ನಬೇಕಾದರೂ, ಕನ್ನಡದ ಮಕ್ಕಳಿಗೆ ಅದು ಸಂಶಯವೆಂದೇ ಕೇಳಿಸುವುದರಿಂದ, ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ತಿಳಿಯುವುದು ಎಂದು ಬಿಡಿಸಿ ಹೇಳಿ. ಉಳಿದ ಮೂರು ಪದಗಳಿಗೆ ನಮ್ಮ ಆಟವೇ ಉದಾಹರಣೆ ಒದಗಿಸುತ್ತದೆ. ಆಟವನ್ನು ನಾಲ್ಕಾರು ಸಲ ನೋಡಿ, ಪ್ರತಿ ಸಲವೂ 11ನೆಯ ಎಲೆಯೇ ಬಂದದ್ದರಿಂದ ಮುಂದೆಯೂ ಅದೇ ಬರುತ್ತದೆ ಎಂದು ಮಗು ಹೇಳಿದರೆ ಅದು ಇಂಡಕ್ಷನ್. ಎಲೆಗಳ ಬೆನ್ನಿಗೆ ಗುರುತು ಹಾಕಿದ್ದೀರಿ, ಹಾಗಿದ್ದರೆ ಮಾತ್ರ ಇದು ಸಾಧ್ಯ ಎಂದು ಇನ್ನೊಂದು ಮಗು ಊಹಿಸಿದರೆ ಅದು ಅಬ್ಡಕ್ಷನ್, ಅಂದರೆ ಕಂಡದ್ದಕ್ಕೆ ಹೊಂದುವ ವಿವರಣೆಯನ್ನು ಮುಂದಿಡುವುದು. ತರ್ಕದಲ್ಲಿ ಈ ಅರ್ಥಕ್ಕೆ ಆ ಪದವನ್ನು ನೆಲೆಗೊಳಿಸಿದವರು ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್. ಪತ್ರಿಕೆಗಳಲ್ಲಿ ಅದೇ ಪದಕ್ಕೆ ಅಪಹರಣವೆಂಬ ಅರ್ಥವಿರುವುದನ್ನು ಮೊದಲೇ ತಿಳಿಸಿಬಿಡಿ. ಕಥೆಗಳ ಪತ್ತೇದಾರರು ಡಿಡಕ್ಷನ್ ಎಂದು ಹೇಳಿಕೊಳ್ಳುವುದರಲ್ಲಿ ಹೆಚ್ಚಿನದು ನಿಜವಾಗಿ ಈ ಅಬ್ಡಕ್ಷನ್ನೇ.

ಡಿಡಕ್ಷನ್ ಎಂದರೆ ಒಪ್ಪಿಕೊಂಡ ಮಾತುಗಳು ನಿಜವಾಗಿದ್ದರೆ ತೀರ್ಮಾನವೂ ನಿಜವಾಗಲೇಬೇಕಾದ ತರ್ಕ. (ಸಂಬಳದ ಚೀಟಿಯಲ್ಲಿ ಬರುವ ಡಿಡಕ್ಷನ್ ಬೇರೆ, ಅದರ ಅನುಭವ ದೊಡ್ಡವರಿಗೆ ಇದ್ದೇ ಇರುತ್ತದೆ.) ಒಪ್ಪಿಕೊಂಡ ಮಾತಿಗೆ ಪ್ರೆಮಿಸ್, ತೀರ್ಮಾನಕ್ಕೆ ಕನ್‌ಕ್ಲೂಷನ್. ಇದನ್ನು ಎಲೆಗಳನ್ನು ಹಾಸಿಕೊಂಡೇ ತೋರಿಸಬಹುದು. ಆರಿಸಿದ ಸಾಲನ್ನು ಮೊದಲ ಸಲ ನಡುವೆ ಇಟ್ಟಾಗ ಎಲೆ 8ರಿಂದ 14ರವರೆಗಿನ ಯಾವುದಾದರೂ ಸ್ಥಾನದಲ್ಲಿರುತ್ತದೆ. ಮತ್ತೆ ಹಂಚಿದಾಗ ಈ ಏಳೂ ಸ್ಥಾನಗಳು 3, 4 ಮತ್ತು 5ನೆಯ ಅಡ್ಡಸಾಲುಗಳಿಗೆ ಬೀಳುತ್ತವೆ, ಆದ್ದರಿಂದ ಎರಡನೆಯ ಸಲ ನಡುವೆ ಇಟ್ಟಾಗ ಎಲೆ 10, 11 ಅಥವಾ 12ನೆಯದು. ಮೂರನೆಯ ಸಲ ಹಂಚಿದಾಗ ಈ ಮೂರೂ 4ನೆಯ ಅಡ್ಡಸಾಲಿನಲ್ಲಿಯೇ ಬರುತ್ತವೆ. ಏಳು ಎಲೆಯ ಉದ್ದಸಾಲಿನ 4ನೆಯ ಎಲೆ, ಮೇಲೆ ಇನ್ನೇಳು: 11. ಮಕ್ಕಳು ಇದನ್ನು ಎಲಿಮಿನೇಷನ್, ಅಂದರೆ ಸಾಧ್ಯವಿಲ್ಲದ್ದನ್ನು ಒಂದೊಂದಾಗಿ ತಳ್ಳಿಹಾಕುವುದು, ಎಂದು ಶಾಲೆಯಲ್ಲಿ ಕಲಿತಿರುತ್ತಾರೆ. ಈ ಆಟದ ಗುಟ್ಟು ಹಳೆಯದು, ಬಿಟ್ಟುಕೊಟ್ಟರೆ ಯಾವ ಜಾದೂಗಾರನ ಹೊಟ್ಟೆಪಾಡಿಗೂ ಕುಂದಿಲ್ಲ. ಫೋರ್ಸ್ ಮತ್ತು ಪಾಮ್ ಬಳಸುವ ಆಟಗಳ ಗುಟ್ಟನ್ನು ಮಾತ್ರ ಬಿಡಿಸಬೇಡಿ.

ಪ್ರೌಢಶಾಲೆಯ ಮಕ್ಕಳಿದ್ದರೆ 27 ಎಲೆಗಳನ್ನು ಕೊಡಿ. ಫ್ರಾನ್ಸಿನ ಗಣಿತಜ್ಞ ಜೋಸೆಫ್ ಜೆರ್ಗೊನ್ 19ನೇ ಶತಮಾನದ ಆರಂಭದಲ್ಲಿ ಈ ರೂಪವನ್ನು ವಿವರಿಸಿದ್ದರು. ಇದರಲ್ಲಿ ಎಲೆಯನ್ನು ಮಗು ಹೇಳಿದ ಯಾವ ಸ್ಥಾನಕ್ಕಾದರೂ ತರಬಹುದು. ಆ ಸಂಖ್ಯೆಯಲ್ಲಿ ಒಂದನ್ನು ಕಳೆದು, ಉಳಿದದ್ದನ್ನು 1, 3, 9ರ ಲೆಕ್ಕದಲ್ಲಿ ಬಿಡಿಸಿ. 20 ಎಂದರೆ 19, ಅಂದರೆ ಎರಡು 9, ಸೊನ್ನೆ 3, ಒಂದು 1. ಸೊನ್ನೆಗೆ ಮೇಲೆ, ಒಂದಕ್ಕೆ ನಡುವೆ, ಎರಡಕ್ಕೆ ಕೆಳಗೆ. ಆದ್ದರಿಂದ ಆರಿಸಿದ ಸಾಲನ್ನು ಮೊದಲ ಸಲ ನಡುವೆ, ಎರಡನೆಯ ಸಲ ಮೇಲೆ, ಮೂರನೆಯ ಸಲ ಕೆಳಗೆ ಇಡಬೇಕು. ಮೇಲೆ ಎಂದರೆ ಮಗುಚಿ ಹಿಡಿದ ಕಟ್ಟಿನಲ್ಲಿ ಮೇಲೆ ಎಂದು ಅರ್ಥ. ಸಾಲಿನೊಳಗೆ ಎಲೆಗಳ ಕ್ರಮ ಕದಲಬಾರದು, ಮೊದಲು ಹಂಚಿದ ಎಲೆ ಮಗುಚಿದಾಗಲೂ ಮೊದಲನೆಯದಾಗಿಯೇ ಇರಬೇಕು.