ಉತ್ತರಕುಮಾರನ ಮುಖ ಹೇಗಿತ್ತು?

ತಿಪಟೂರು ಕಡೆಯ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಶಾಲೆಯ ವಾರ್ಷಿಕೋತ್ಸವಕ್ಕೆ ಉತ್ತರಕುಮಾರನ ಪ್ರಸಂಗ ಆಡಿಸಿದರಂತೆ. ಬೆಳ್ಳಗೆ ಎತ್ತರಕ್ಕಿದ್ದ ಹುಡುಗ ಅರ್ಜುನ. ಏಳನೇ ಕ್ಲಾಸಿನ ಕಪ್ಪನೆಯ, ಉಬ್ಬುಹಲ್ಲಿನ ಹುಡುಗ ಉತ್ತರ. ಜನ ಬಿದ್ದು ಬಿದ್ದು ನಕ್ಕರು. ಮರುದಿನ ಅವನಿಗೆ 'ಪುಕ್ಕಲ' ಅಂತ ಹೆಸರು ಬಿತ್ತು. ವಾರದಿಂದ ಅವನು ಶಾಲೆಗೆ ಬಂದಿಲ್ಲ. "ಅವನ ಮುಖಕ್ಕೆ ಆ ಪಾತ್ರ ಒಪ್ಪುತ್ತೆ ಅನ್ನಿಸಿತು. ನಂದು ತಪ್ಪಾ ಸಾರ್?" ಎಂದು ಕೇಳಿದ್ದಾರೆ.

ತಪ್ಪೇ ಮೇಡಂ. ಆದರೆ ಅದನ್ನು ಮುಚ್ಚಿಡದೆ ಬರೆದಿರಲ್ಲ, ಅದಕ್ಕೆ ನಿಮ್ಮ ಮೇಲೆ ಗೌರವ ಜಾಸ್ತಿಯಾಯಿತು.

ನಾಟಕ ಆಡಿಸುವವರ ಕಷ್ಟ ನನಗೂ ಗೊತ್ತು. ಹಿಂದಿನ ಸಾಲಿನಲ್ಲಿ ಕೂತವರಿಗೂ ಯಾರು ಯಾರೆಂದು ತಕ್ಷಣ ತಿಳಿಯಬೇಕು. ಒಪ್ಪುತ್ತೇನೆ. ಅದಕ್ಕೆ ಬಣ್ಣವಿದೆ, ಕಿರೀಟವಿದೆ, ನಡಿಗೆಯಿದೆ. ಮಗುವಿನ ಹಲ್ಲು ಯಾಕೆ ಬೇಕು?

ನೀವು ಆರಿಸಿದ ಪ್ರಸಂಗವನ್ನೇ ಮತ್ತೊಮ್ಮೆ ಓದಿ. ಕೌರವರು ವಿರಾಟನ ದನ ಹೊಡೆದುಕೊಂಡು ಹೋಗುತ್ತಿದ್ದಾರೆ. ಹೆಂಗಸರ ಮುಂದೆ ಕೊಚ್ಚಿಕೊಂಡು ಬಂದ ಉತ್ತರ, ಸೈನ್ಯ ಕಂಡದ್ದೇ ತೇರಿನಿಂದ ಹಾರಿ ಓಡುತ್ತಾನೆ. ಅವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವುದು ಯಾರು? ಜಡೆ ಹಾಕಿಕೊಂಡು, ಬಳೆ ತೊಟ್ಟ ಬೃಹನ್ನಳೆ, ಅಂದರೆ ವೇಷ ಮರೆಸಿಕೊಂಡ ಅರ್ಜುನ. ನಾವು ಹೆದರಿದವನಿಗೆ 'ಬಳೆ ತೊಟ್ಕೋ ಹೋಗು' ಅಂತೀವಿ. ಆ ದಿನ ಬಳೆ ತೊಟ್ಟ ಕೈಯೇ ಗಾಂಡೀವ ಎತ್ತಿದ್ದು.

ಇನ್ನೊಂದು ಮಾತು. ಬನ್ನಿಮರದ ಹತ್ತಿರ ಅರ್ಜುನ ತನ್ನ ಹತ್ತು ಹೆಸರುಗಳ ಅರ್ಥವನ್ನು ಉತ್ತರನಿಗೆ ಬಿಡಿಸಿ ಹೇಳುತ್ತಾನೆ. ಅದರಲ್ಲಿ ಒಂದು ಕೃಷ್ಣ. ಕಪ್ಪಗಿದ್ದ ಮಗನಿಗೆ ತಂದೆ ಪ್ರೀತಿಯಿಂದ ಇಟ್ಟ ಹೆಸರಂತೆ. ಬಣ್ಣ ನೋಡಿಯೇ ಪಾತ್ರ ಹಂಚುವುದಾದರೆ ಮೇಡಂ, ಆ ಹುಡುಗ ಅರ್ಜುನ ಆಗಬೇಕಿತ್ತು.

ನಮ್ಮ ಊರಿನ ನಾಟಕದಲ್ಲಿ ಪಾತ್ರಕ್ಕೆ ದುಡ್ಡು ಕಟ್ಟಬೇಕಿತ್ತು. ದುರ್ಯೋಧನನಿಗೂ ಕೃಷ್ಣನಿಗೂ ಪೈಪೋಟಿ. ಉತ್ತರನ ಪಾತ್ರ ಯಾರಿಗೂ ಬೇಡ. ಅದನ್ನು ವರ್ಷವೂ ಮಾಡುತ್ತಿದ್ದವರು ಒಬ್ಬ ಟೈಲರ್. ನೋಡೋಕೆ ಚೆಂದದ ಆಳು, ಮಾತು ಕಡಿಮೆ. ರಾತ್ರಿ ಎರಡು ಗಂಟೆ ಮೇಲೆ ಅವರ ಸೀನು. ಚಾಪೆ ಮೇಲೆ ಮಲಗಿದ್ದ ಮಕ್ಕಳನ್ನು ಆಗ ಎಬ್ಬಿಸುತ್ತಿದ್ದರು. ಸೈನ್ಯ ಕಂಡ ಕೂಡಲೇ ಅವರು ಕಿರುಚುತ್ತಿರಲಿಲ್ಲ. ಮೊದಲು ಎಡಗೈಯ ಕಿರುಬೆರಳು ನಡುಗುತ್ತಿತ್ತು. ಅದನ್ನು ಬಲಗೈಯಿಂದ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಬಲಗೈಯೂ ನಡುಗುತ್ತಿತ್ತು. ಹಾರ್ಮೋನಿಯಂ ಮೇಷ್ಟ್ರು ಸುಮ್ನೆ ಕೈ ಎತ್ತಿಬಿಡುತ್ತಿದ್ದರು. ನಗುತ್ತಿದ್ದ ಜನ ಒಮ್ಮೆಗೇ ತೆಪ್ಪಗಾಗುತ್ತಿದ್ದರು. ಅಷ್ಟು ಚೆಂದದ್ದನ್ನು ಆ ರಂಗದ ಮೇಲೆ ನಾನು ಬೇರೆ ನೋಡಿಲ್ಲ. ನಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರು ಹೆಸರು ಮಾಡಿದ್ದೂ ಹಾಸ್ಯದ ಪಾತ್ರಗಳಿಂದಲೇ ಅಲ್ವಾ?

ವೀರಗಲ್ಲು ನೋಡಿದ್ದೀರಲ್ಲ. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಅವುಗಳಲ್ಲಿ ಎಷ್ಟೋ ಕಲ್ಲು ನಿಂತದ್ದು ದನ ಹೊಡೆದುಕೊಂಡು ಹೋಗುವವರೊಡನೆ ಕಾದಾಡಿ ಸತ್ತವರಿಗೆ. ಉತ್ತರ ಓಡಿದ್ದೂ ಅಂಥದೇ ಜಗಳದಿಂದ. ನಮ್ಮೂರ ಹೊಂಗೆಮರದ ಕೆಳಗಿನ ಕಲ್ಲಿನಲ್ಲಿ ವೀರನ ಮೂಗು ಕಣ್ಣು ಸವೆದು ಹೋಗಿವೆ. ಅವನು ಚೆಲುವನೋ ಅಲ್ಲವೋ ಯಾರೂ ಕೇಳಿಲ್ಲ. ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುತ್ತಾರೆ.

ಈಗ ನೋಡಿ. ಸಿನಿಮಾದಲ್ಲಿ ಹೆದರುವವನು ದಪ್ಪಗಿರಬೇಕು, ಇಲ್ಲವೇ ಕಪ್ಪಗಿರಬೇಕು. ಹೀರೋ ಹೆದರುವ ಹಾಗೇ ಇಲ್ಲ. ಗಂಡು ನೋಡೋಕೆ ಹೋದವರು ಎದೆ ಅಗಲ ನೋಡಿ 'ಧೈರ್ಯವಂತ' ಅಂತಾರೆ. ಮದುವೆಯಾದ ಮೇಲೆ ಅಪ್ಪನ ಮುಂದೆ ಹೆಂಡತಿಯ ಪರವಾಗಿ ಒಂದು ಮಾತಾಡಲು ಆಗದವರು ಅಂಥವರಲ್ಲೇ ಎಷ್ಟು ಜನ! ನಮ್ಮ ಕಚೇರಿಗೆ ಬರುವ ಪತ್ರಗಳಲ್ಲಿ ಆ ಹೆಣ್ಣುಮಕ್ಕಳ ಗೋಳೇ ಜಾಸ್ತಿ. ಸ್ಕೂಲಲ್ಲಿ ಮುಂದಿನ ಸಾಲಿಗೆ, ಸ್ವಾಗತಗೀತೆಗೆ, ಅತಿಥಿಗೆ ಹೂ ಕೊಡೋಕೆ ಮುಖ ನೋಡಿ ಮಕ್ಕಳನ್ನು ಆರಿಸುತ್ತೀರಲ್ಲ, ಅಲ್ಲಿಂದಲೇ ಇದು ಶುರು. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ನಿಮ್ಮ ಕೈಯಲ್ಲಿ ಇರುವುದರಿಂದ ಹೇಳುತ್ತಿದ್ದೇನೆ.

'ಉತ್ತರನ ಪೌರುಷ ಒಲೆ ಮುಂದೆ' ಎಂಬ ಗಾದೆ ಎಲ್ಲರಿಗೂ ಬರುತ್ತದೆ. ಆದರೆ ಕುರುಕ್ಷೇತ್ರದ ಮೊದಲ ದಿನ ಅದೇ ಉತ್ತರ ಆನೆ ಏರಿ ಶಲ್ಯನ ಮೇಲೆ ನುಗ್ಗುತ್ತಾನೆ. ಶಲ್ಯನ ರಥದ ಕುದುರೆಗಳು ಸಾಯುತ್ತವೆ. ಶಲ್ಯ ಎಸೆದ ಶಕ್ತ್ಯಾಯುಧಕ್ಕೆ ಉತ್ತರ ಅಲ್ಲೇ ಬೀಳುತ್ತಾನೆ. ಹಿಂದಿರುಗಿ ಓಡಲಿಲ್ಲ. ಈ ಸೀನನ್ನು ಯಾವ ಶಾಲೆಯಲ್ಲೂ ಆಡಿಸಿದ್ದು ನಾನು ಕಾಣೆ.

ನಾಳೆ ಬೆಳಗ್ಗೆಯೇ ಆ ಹುಡುಗನ ಮನೆಗೆ ಹೋಗಿ ಮೇಡಂ. ತಾಯಿಯ ಎದುರಿಗೇ ಅವನ ಹತ್ತಿರ ಕ್ಷಮೆ ಕೇಳಿ. ಆಮೇಲೆ ಈ ಆನೆಯ ಕತೆ ಪೂರ್ತಿ ಹೇಳಿ. ಅವನು ಶಾಲೆಗೆ ಬಂದ ದಿನ ನನಗೆ ಒಂದು ಕಾರ್ಡು ಹಾಕಿ, ಕಾಯುತ್ತಿರುತ್ತೇನೆ.

– ಸಂ.