ಪ್ರಶ್ನೋತ್ತರ: ಲೇಪ ಹಾಕಿಸಿದ ಮೇಲೂ ಫ್ಯೂಯೆಲ್ ಸೆಲ್ ಪ್ಲೇಟಿಗೆ ತುಕ್ಕು ಏಕೆ?

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟ್‌ಗೆ ಹೈಡ್ರೋಜನ್ ಫ್ಯೂಯೆಲ್ ಸೆಲ್ ಕಟ್ಟಿದ್ದೇವೆ. ಅನಿಲ ಹಂಚಿ ವಿದ್ಯುತ್ ಸಾಗಿಸುವ ಪ್ಲೇಟ್‌ಗಳಿಗೆ ಗ್ರಾಫೈಟ್ ಬದಲು 316ಎಲ್ ಎಂಬ ಸ್ಟೇನ್‌ಲೆಸ್ ಸ್ಟೀಲ್ ಬಳಸಿ, ಡ್ರಿಲ್ ಬಿಟ್‌ಗೆ ಬಂಗಾರದ ಬಣ್ಣದ ಲೇಪ ಹಾಕುವ ವರ್ಕ್‌ಶಾಪ್‌ನಲ್ಲೇ ಟೈಟೇನಿಯಂ ನೈಟ್ರೈಡ್ ಹಾಕಿಸಿದೆವು. ಕೆಲವೇ ವಾರಗಳಲ್ಲಿ ವೋಲ್ಟೇಜ್ ಇಳಿಯಿತು, ಪ್ಲೇಟ್ ಮೇಲೆ ಸೂಜಿಮೊನೆಯಷ್ಟು ಕಂದು ಚುಕ್ಕಿಗಳು ಎದ್ದಿವೆ. ಲೇಪ ಇನ್ನೂ ದಪ್ಪಗಿರಬೇಕಿತ್ತೇ?
— ಎಂಜಿನಿಯರಿಂಗ್ ವಿದ್ಯಾರ್ಥಿಗಳು, ದಾವಣಗೆರೆ

ಉತ್ತರ: ದಪ್ಪ ಹೆಚ್ಚಿಸಬೇಡಿ. ದಪ್ಪವಾದಷ್ಟೂ ಒಳಬಿಗಿತ ಏರಿ ಲೇಪ ಸೀಳುತ್ತದೆ. ನಿಮ್ಮನ್ನು ಕಾಡುತ್ತಿರುವುದು ರಂಧ್ರಗಳು. ಟೂಲ್‌ಗಳಿಗೆ ಸಾಮಾನ್ಯವಾಗಿ ಆರ್ಕ್ (ವಿದ್ಯುತ್ ಕಿಡಿ) ವಿಧಾನದಲ್ಲಿ ಲೇಪ ಹಾಕುತ್ತಾರೆ. ಅದರಲ್ಲಿ ಕರಗಿದ ಟೈಟೇನಿಯಂನ ಸಣ್ಣ ಹನಿಗಳು ಸಿಡಿದು ಪ್ಲೇಟ್ ಮೇಲೆ ಕೂರುತ್ತವೆ, ಆಮೇಲೆ ಉದುರಿ ಗುಳಿ ಬಿಡುತ್ತವೆ. ಡ್ರಿಲ್ ಬಿಟ್‌ಗೆ ಇದರಿಂದ ತೊಂದರೆಯಿಲ್ಲ. ಆದರೆ ಸೆಲ್ ಒಳಗೆ 60ರಿಂದ 80 ಡಿಗ್ರಿ ಬಿಸಿ, ಆಮ್ಲೀಯ ತೇವ, ಜೊತೆಗೆ ಮೆಂಬ್ರೇನ್‌ನಿಂದ (ಸೆಲ್ ನಡುವೆ ಪ್ರೋಟಾನ್‌ಗಳನ್ನು ದಾಟಿಸುವ ತೆಳು ಪೊರೆ) ಬಿಡುಗಡೆಯಾಗುವ ಫ್ಲೋರೈಡ್. ಸುತ್ತ ವಿಶಾಲವಾದ ನೈಟ್ರೈಡ್, ನಡುವೆ ಚುಕ್ಕಿಯಷ್ಟು ಬರಿ ಸ್ಟೀಲ್ ಇದ್ದರೆ ಸವೆತವೆಲ್ಲ ಆ ಚುಕ್ಕಿಯಲ್ಲೇ ನಡೆಯುತ್ತದೆ.

ಕರಗಿದ ಕಬ್ಬಿಣ ಅಲ್ಲಿಗೇ ನಿಲ್ಲುವುದಿಲ್ಲ. ಮೆಂಬ್ರೇನ್ ಒಳಗೆ ಸೇರಿ ಪ್ರೋಟಾನ್‌ಗಳ ಜಾಗ ಹಿಡಿಯುತ್ತದೆ. ಸೆಲ್‌ನಲ್ಲಿ ತಾನಾಗಿ ಹುಟ್ಟುವ ಅಲ್ಪ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು, ಮೆಂಬ್ರೇನನ್ನೇ ತಿನ್ನುವ ರ‍್ಯಾಡಿಕಲ್‌ಗಳನ್ನು ಎಬ್ಬಿಸುತ್ತದೆ. ಹಾಗಾಗಿ ಪ್ಲೇಟ್ ಬದಲಿಸುವಾಗ ಹಳೆಯ ಮೆಂಬ್ರೇನನ್ನು ಮತ್ತೆ ಜೋಡಿಸಬೇಡಿ.

ಮುಂದಿನ ಸಲ ಮ್ಯಾಗ್ನೆಟ್ರಾನ್ ಸ್ಪಟರಿಂಗ್ (ಲೋಹವನ್ನು ಕರಗಿಸದೆ, ಪ್ಲಾಸ್ಮಾದಿಂದ ಅದರ ಪರಮಾಣುಗಳನ್ನು ಬಡಿದೆಬ್ಬಿಸಿ ಲೇಪ ಹಾಕುವ ವಿಧಾನ) ಇರುವ ಲ್ಯಾಬ್ ಹುಡುಕಿ. ಅನಿಲ ಹರಿಯುವ ಚಾನೆಲ್ ಕೊರೆಯುವುದು, ಒತ್ತುವುದು ಎಲ್ಲ ಮುಗಿದ ಮೇಲೆಯೇ ಲೇಪ. ಮೊದಲು ಲೇಪ ಹಾಕಿ ಆಮೇಲೆ ಬಗ್ಗಿಸಿದರೆ ಮೂಲೆಗಳಲ್ಲಿ ಬಿರುಕು ಖಚಿತ. ಪ್ಲೇಟನ್ನು ಅಸಿಟೋನ್‌ನಲ್ಲಿ, ನಂತರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತಲಾ 10 ನಿಮಿಷ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿಟ್ಟು ತೊಳೆಯಿರಿ. ಆಮೇಲೆ ಕೈಗವಸಿಲ್ಲದೆ ಮುಟ್ಟಬೇಡಿ: ಬೆರಳಿನ ಜಿಡ್ಡು ಕೂತಲ್ಲಿ ಲೇಪ ಹಿಡಿಯುವುದಿಲ್ಲ. ಚೇಂಬರ್ ಒಳಗೆ ಆರ್ಗಾನ್ ಪ್ಲಾಸ್ಮಾದಿಂದ ಮೇಲಿನ ಆಕ್ಸೈಡ್ ಪೊರೆ ತೆಗೆಸಿ, ಸುಮಾರು 100 ನ್ಯಾನೊಮೀಟರ್ ಬರಿ ಟೈಟೇನಿಯಂ, ಅದರ ಮೇಲೆ ಒಂದು ಮೈಕ್ರಾನ್ ನೈಟ್ರೈಡ್ ಹಾಕಿಸಿ. ಪ್ಲೇಟನ್ನು ಓರೆಯಾಗಿಟ್ಟು ತಿರುಗಿಸಬೇಕು, ಇಲ್ಲವಾದರೆ ಚಾನೆಲ್‌ನ ಗೋಡೆಗಳು ನೆರಳಿನಲ್ಲಿ ಉಳಿದು ಅಲ್ಲಿ ಲೇಪ ತೆಳುವಾಗುತ್ತದೆ. ಬಣ್ಣ ಹೊಳೆಯುವ ಬಂಗಾರದ್ದಾಗಿರಲಿ. ಮಂಕು ಕಂದು ಬಂದರೆ ಆಮ್ಲಜನಕ ಸೇರಿಕೊಂಡಿದೆಯೇ, ನೈಟ್ರೋಜನ್ ಹರಿವು ಹೆಚ್ಚಾಗಿದೆಯೇ ಎಂದು ನೋಡಿ.

ಸೆಲ್ ಜೋಡಿಸುವ ಮುನ್ನ ಸಂಪರ್ಕ ರೋಧ (ಪ್ಲೇಟ್ ಮತ್ತು ಕಾರ್ಬನ್ ಪೇಪರ್ ಸೇರುವಲ್ಲಿ ವಿದ್ಯುತ್ತಿಗೆ ಎದುರಾಗುವ ತಡೆ) ಅಳೆಯಿರಿ. ಪ್ಲೇಟಿನ ಎರಡೂ ಬದಿಗೆ ಕಾರ್ಬನ್ ಪೇಪರ್ ಇಟ್ಟು ಚ.ಸೆಂ.ಮೀ.ಗೆ 140 ನ್ಯೂಟನ್ ಒತ್ತಿದಾಗ 10 ಮಿಲಿಓಮ್-ಚ.ಸೆಂ.ಮೀ. ಒಳಗೆ ಬಂದರೆ ಒಳ್ಳೆಯದು. ಅದೇ 100 ಆದರೆ, ಚ.ಸೆಂ.ಮೀ.ಗೆ 1 ಆಂಪಿಯರ್ ಹರಿಯುವಾಗ 0.1 ವೋಲ್ಟ್ ಅಲ್ಲೇ ನಷ್ಟ. ಒಂದು ಸೆಲ್ ದುಡಿದು ಕೊಡುವುದೇ 0.6–0.7 ವೋಲ್ಟ್!

ಸೆಲ್ ಓಡುವಾಗ ಹೊರಬರುವ ನೀರನ್ನು ವಾರಕ್ಕೊಮ್ಮೆ ಪರೀಕ್ಷಿಸಿ. ಒಂದೆರಡು ಹನಿ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲ, ಒಂದು ಹನಿ ಪೆರಾಕ್ಸೈಡ್, ಕೊನೆಗೆ ಪೊಟ್ಯಾಸಿಯಂ ಥಯೊಸಯನೇಟ್. ಪಕ್ಕದಲ್ಲಿ ಅದೇ ಹನಿಗಳನ್ನು ಹಾಕಿದ ಬರಿ ಡಿಸ್ಟಿಲ್ಡ್ ವಾಟರ್ ಇರಲಿ. ಅದಕ್ಕಿಂತ ಕೆಂಪೇರಿದರೆ ಕಬ್ಬಿಣ ಬರುತ್ತಿದೆ ಎಂದರ್ಥ. ಪ್ರಯೋಗಾಲಯಗಳ ಸವೆತ ಪರೀಕ್ಷೆಯಲ್ಲಿ ಹೈಡ್ರೊಫ್ಲೋರಿಕ್ ಆಮ್ಲವನ್ನೂ ಬಳಸುತ್ತಾರೆ. ನೀವು ಅದರ ಹತ್ತಿರವೂ ಹೋಗಬೇಡಿ, ಚರ್ಮ ದಾಟಿ ಮೂಳೆಯವರೆಗೆ ಇಳಿಯುತ್ತದೆ.

ಪ್ರಶ್ನೆ: ಪ್ಲಾಟಿನಂ ಎಲೆಕ್ಟ್ರೋಡ್ ಮೇಲೂ ಇಂಥದೇ ಲೇಪ ಹಾಕಬಹುದೇ?
— ಓದುಗರು, ಮೈಸೂರು

ಉತ್ತರ: ಇಂಥದ್ದು ಆಗದು. ಕ್ಯಾಥೋಡ್‌ನಲ್ಲಿ (ಆಮ್ಲಜನಕದ ಬದಿಯ ಎಲೆಕ್ಟ್ರೋಡ್) ಕ್ರಿಯೆ ನಡೆಸುವ ಪ್ಲಾಟಿನಂಗೆ ಆಮ್ಲಜನಕ, ಪ್ರೋಟಾನ್, ಎಲೆಕ್ಟ್ರಾನ್ ಮೂರೂ ತಲುಪಬೇಕು. ಸಂದಿಲ್ಲದ ಲೇಪ ಹಾಕಿದರೆ ಪ್ಲಾಟಿನಂ ಇದ್ದೂ ಇಲ್ಲದಂತೆ. ಪ್ಲಾಟಿನಂ ಕಣಗಳು ಕರಗದಂತೆ, ಒಂದಕ್ಕೊಂದು ಅಂಟದಂತೆ ತಡೆಯಲು ಪ್ರತಿ ಕಣಕ್ಕೂ ಒಂದು ನ್ಯಾನೊಮೀಟರ್ ಆಸುಪಾಸಿನ, ಸಣ್ಣ ಸಂದುಗಳಿರುವ ಕಾರ್ಬನ್ ಪೊರೆ ತೊಡಿಸುವ ವಿಧಾನವಿದೆ. ಆದರೆ ಆನೋಡ್‌ನಲ್ಲಿ (ಹೈಡ್ರೋಜನ್ ಬದಿ) ಗಾಳಿ ತುಂಬಿದ್ದಾಗ ಸೆಲ್ ಶುರು ಮಾಡಿದರೆ ಕ್ಯಾಥೋಡ್‌ನ ವಿಭವ 1.4 ವೋಲ್ಟ್ ದಾಟಬಹುದು. ಆಗ ಕಣಗಳನ್ನು ಹೊತ್ತ ಕಾರ್ಬನ್ ಸಮೇತ ಆ ಪೊರೆಯೂ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ.