ಗೆಳೆಯರ ಆ್ಯಪ್‌ನಲ್ಲಿ ಸ್ಥಳ ಹಂಚಿಕೆಗೆ ಒಪ್ಪಿಗೆ ಕೇಳುವುದು ಹೇಗೆ?

ಪರಿಚಯದವರು ಹತ್ತಿರದಲ್ಲಿದ್ದರೆ ತಿಳಿಸುವ ಆ್ಯಪ್ ಒಂದನ್ನು ಚಿತ್ರದುರ್ಗದಲ್ಲಿ ಇಬ್ಬರು ಗೆಳೆಯರೊಡನೆ ಕಟ್ಟುತ್ತಿರುವುದಾಗಿ ಬರೆದಿದ್ದೀರಿ. ಸ್ಥಳದ ಅನುಮತಿಯನ್ನು ಫೋನೇ ಕೇಳುವಾಗ ನಮ್ಮದೊಂದು ಪರದೆ ಬೇರೆ ಏಕೆ ಎಂಬುದು ನಿಮ್ಮ ಪ್ರಶ್ನೆ. ದಾವಣಗೆರೆಯ ಮನೆಯಲ್ಲೇ ಕುಳಿತು ಇಂಥ ಪರದೆಗಳನ್ನು ರೂಪಿಸುವುದು ನನ್ನ ಕೆಲಸವಾದ್ದರಿಂದ, ಅನುಭವಕ್ಕೆ ಬಂದಷ್ಟನ್ನು ಹೇಳುತ್ತೇನೆ.

ಫೋನ್ ಕೇಳುವ ಪ್ರಶ್ನೆಯೇ ಬೇರೆ, ನೀವು ಕೇಳಬೇಕಾದ ಪ್ರಶ್ನೆಯೇ ಬೇರೆ. 2019ರ ಆಂಡ್ರಾಯ್ಡ್ 10ರಲ್ಲಿ ‘ಆ್ಯಪ್ ಬಳಸುತ್ತಿರುವಾಗ ಮಾತ್ರ’ ಎಂಬ ಆಯ್ಕೆ ಬಂತು, ಮರುವರ್ಷದ ಆಂಡ್ರಾಯ್ಡ್ 11ರಲ್ಲಿ ‘ಈ ಬಾರಿ ಮಾತ್ರ’ ಎಂಬುದು ಸೇರಿತು, 2021ರ ಆಂಡ್ರಾಯ್ಡ್ 12ರಲ್ಲಿ ನಿಖರ ಸ್ಥಳದ ಬದಲು ಅಂದಾಜು ಸ್ಥಳ ಕೊಡುವ ಅವಕಾಶವೂ ದೊರೆಯಿತು. ಇವೆಲ್ಲ ಒಳ್ಳೆಯವೇ. ಆದರೆ ಇವೆಲ್ಲವೂ ನಿಮ್ಮ ಆ್ಯಪ್‌ಗೆ ಸ್ಥಳ ತಿಳಿಯಬಹುದೇ ಎಂಬುದನ್ನಷ್ಟೇ ಇತ್ಯರ್ಥ ಮಾಡುತ್ತವೆ. ಆ ಸ್ಥಳ ಮುಂದೆ ಯಾವ ಗೆಳೆಯನ ಕಣ್ಣಿಗೆ, ಎಷ್ಟು ಹೊತ್ತು, ಓಣಿಯವರೆಗೋ ಊರಿನವರೆಗೋ ಕಾಣಬೇಕೆಂಬುದು ಫೋನಿಗೆ ಗೊತ್ತಾಗುವ ಸಂಗತಿಯಲ್ಲ. ಅದನ್ನು ಕೇಳಬೇಕಾದವರು ನೀವು, ಅದೂ ಆ್ಯಪ್ ತೆರೆದ ಕೂಡಲೇ ಅಲ್ಲ, ಬಳಸುವವರು ‘ನಾನಿರುವ ಜಾಗ ತೋರಿಸು’ ಎಂದು ತಾವಾಗಿ ಒತ್ತಿದ ಗಳಿಗೆಯಲ್ಲಿ.

ಕೇಳುವ ಮಾತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಆ್ಯಪ್‌ಗಾಗಿ ನಾನೇ ಬರೆದ ಪರದೆಯನ್ನು ಹರಿಹರದ ನಮ್ಮ ಸೋದರತ್ತೆಗೆ ತೋರಿಸಿದ್ದೆ. ‘ನಿಖರ ಸ್ಥಾನದ ಪ್ರವೇಶವನ್ನು ಅನುಮತಿಸಿ’ ಎಂದು ಮೇಲೆ, ‘ಮುಂದುವರಿಸಿ’ ಎಂದು ಕೆಳಗೆ ಬರೆದಿತ್ತು. ಅವರು ಕ್ಷಣವೂ ತಡೆಯದೆ ಒತ್ತಿಬಿಟ್ಟರು. ಏನಕ್ಕೆ ಒಪ್ಪಿದಿರಿ ಅತ್ತೆ ಎಂದು ಕೇಳಿದರೆ, ‘ಒಪ್ಪೋದೇನು ಬಂತಪ್ಪ, ಅದು ಹೋಗಲಿ ಅಂತ ಒತ್ತಿದೆ’ ಎಂದರು. ತಪ್ಪು ಅವರದಲ್ಲ, ಆ ಕನ್ನಡ ಕನ್ನಡವೇ ಆಗಿರಲಿಲ್ಲ. ‘ನೀವು ಯಾವ ಬೀದಿಯಲ್ಲಿದ್ದೀರಿ ಎಂಬುದನ್ನು ಈ ನಾಲ್ವರು ಒಂದು ಗಂಟೆಯ ಕಾಲ ನೋಡಬಹುದೇ?’ ಎಂದು ತಿದ್ದಿ, ನಾಲ್ವರ ಹೆಸರನ್ನೂ ಅಲ್ಲೇ ಕಾಣಿಸಿ, ‘ತೋರಿಸಿ’ ಮತ್ತು ‘ಬೇಡ’ ಎಂಬ ಎರಡು ಗುಂಡಿಗಳನ್ನು ಒಂದೇ ಗಾತ್ರದಲ್ಲಿ, ಒಂದೇ ಬಣ್ಣದಲ್ಲಿ ಇಟ್ಟ ಮೇಲೆ ಅವರು ಹೆಸರುಗಳನ್ನು ಒಂದೊಂದಾಗಿ ಓದಿದರು, ಒಬ್ಬರನ್ನು ತೆಗೆಸಿದರು. ಯಾರನ್ನು ಎಂದು ಇಲ್ಲಿ ಹೇಳಿದರೆ ಮನೆಯಲ್ಲಿ ಜಗಳವಾದೀತು.

ಇನ್ನು ‘ಅಂದಾಜು ಸ್ಥಳ’. ಬಹಳ ಜನ ಎಡವುವುದು ಇಲ್ಲೇ. ಆಂಡ್ರಾಯ್ಡ್‌ನ ಅಂದಾಜು ಸುಮಾರು 3 ಚದರ ಕಿಲೋಮೀಟರಿನಷ್ಟು ವಿಸ್ತಾರದ್ದು. ದಾವಣಗೆರೆಯ ಮಂಡಿಪೇಟೆಯ ಸುತ್ತ ಅಷ್ಟು ಜಾಗದಲ್ಲಿ ಸಾವಿರಾರು ಜನರ ನಡುವೆ ನೀವೊಬ್ಬರು, ಕಳೆದುಹೋಗುತ್ತೀರಿ. ಅದೇ ಅಂದಾಜು ಜಗಳೂರು ಕಡೆಯ ಹೊಲಗಳ ಮೇಲೆ ಬಿದ್ದರೆ ಅದರೊಳಗೆ ಒಂದೇ ತೋಟದ ಮನೆ ಇರಬಹುದು. ಊರಿನವರಿಗೆ ಅದು ಯಾರ ಮನೆಯೆಂದು ನಕ್ಷೆಯೇ ಬೇಡ. ಅಕ್ಷಾಂಶ ರೇಖಾಂಶಗಳನ್ನು ದಶಾಂಶದ ಎರಡು ಅಂಕಿಗೆ ಮೊಟಕುಗೊಳಿಸಿದರೆ ಸುಮಾರು 1.1 ಕಿಲೋಮೀಟರಿನ ಚೌಕ ಸಿಗುತ್ತದೆ, ಅಷ್ಟು ಸಾಕೆಂದು ಹಲವರು ಕೈತೊಳೆದುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಚೌಕದ ಗಾತ್ರವನ್ನು ದೂರದಿಂದಲ್ಲ, ಒಳಗಿರುವ ಜನರಿಂದ ನಿರ್ಧರಿಸಬೇಕು: ಪೇಟೆಯಲ್ಲಿ ಬಡಾವಣೆಯ ಹೆಸರು, ಹಳ್ಳಿಗಾಡಿನಲ್ಲಿ ಹೋಬಳಿಯ ಅಥವಾ ತಾಲ್ಲೂಕಿನ ಹೆಸರು ಕಂಡರೆ ಸಾಕು.

ಮಸುಕುಗೊಳಿಸುವ ಕ್ರಮವೂ ಮುಖ್ಯ. ಪ್ರತಿ ಸಲ ನಕ್ಷೆಯ ಮೇಲಿನ ಚುಕ್ಕಿಯನ್ನು ಮನಬಂದ ದಿಕ್ಕಿಗೆ ಸ್ವಲ್ಪ ಸರಿಸುವುದು ಜಾಣತನದಂತೆ ಕಾಣುತ್ತದೆ, ಆದರೆ ಹತ್ತು ರಾತ್ರಿಗಳ ಚುಕ್ಕಿಗಳ ಸರಾಸರಿ ತೆಗೆದವನಿಗೆ ಮನೆಯ ಬಾಗಿಲು ಹೆಚ್ಚುಕಡಿಮೆ ಸಿಕ್ಕಂತೆಯೇ. ಆದ್ದರಿಂದ ನಕ್ಷೆಯನ್ನು ಬದಲಾಗದ ಚೌಕಗಳಾಗಿ ವಿಂಗಡಿಸಿ, ವ್ಯಕ್ತಿ ಇರುವ ಚೌಕವನ್ನಷ್ಟೇ ತೋರಿಸುವುದು ಕ್ಷೇಮ. ‘800 ಮೀಟರ್ ದೂರದಲ್ಲಿದ್ದಾರೆ’ ಎಂಬ ಸಾಲನ್ನೂ ಕೈಬಿಡಿ. ಮೂರು ಬೇರೆ ಬೇರೆ ಜಾಗಗಳಿಂದ ದೂರ ನೋಡಿಕೊಂಡು ಮೂರು ವೃತ್ತ ಎಳೆದರೆ ಅವು ಒಂದೇ ಬಿಂದುವಿನಲ್ಲಿ ಕೂಡುತ್ತವೆ, ಹೈಸ್ಕೂಲಿನ ರೇಖಾಗಣಿತವೇ ಅದಕ್ಕೆ ಸಾಕು. ಈ ಕೆಲಸವೆಲ್ಲ ಫೋನಿನಲ್ಲೇ ಮುಗಿದು, ಮಸುಕಾದದ್ದಷ್ಟೇ ನಿಮ್ಮ ಆ್ಯಪ್‌ನ ಸರ್ವರ್‌ಗೆ ಹೋಗಲಿ. ನಿಖರವಾದದ್ದನ್ನು ಕಳಿಸಿ ಪರದೆಯ ಮೇಲೆ ಮಾತ್ರ ಮರೆಮಾಚುವುದು ಮುಚ್ಚಳವಿಲ್ಲದ ಡಬ್ಬಿಗೆ ಬೀಗ ಹಾಕಿದಂತೆ.

ಹಂಚಿಕೆಗೆ ಕೊನೆಯೊಂದು ಇರಲೇಬೇಕು. ವಾಟ್ಸ್‌ಆ್ಯಪ್‌ನ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮೂರೇ ಅವಧಿಗಳನ್ನು ಕೊಡುವುದು ನನಗೆ ಮೆಚ್ಚುಗೆಯಾದ ಸಂಗತಿ. ‘ಸದಾ’ ಎಂಬ ಆಯ್ಕೆ ಅಲ್ಲಿಲ್ಲ. ನಡುವೆ ನಿಲ್ಲಿಸಿದಾಗ ಮಾತ್ರ ಎಚ್ಚರ ಬೇಕು. ‘ಇವರು ಹಂಚಿಕೆ ನಿಲ್ಲಿಸಿದ್ದಾರೆ’ ಎಂಬ ಸಂದೇಶ ಗೆಳೆಯನಿಗೆ ಹೋದರೆ ಕೇಡಿಲ್ಲ, ಆದರೆ ‘ಎಲ್ಲಿದ್ದೆ, ಏಕೆ ಆಫ್ ಮಾಡಿದೆ’ ಎಂದು ಗದರುವ ಗಂಡನಿಗೋ ಅಣ್ಣನಿಗೋ ಹೋದರೆ ಆ ಹೆಣ್ಣುಮಗಳು ಮುಂದೆಂದೂ ನಿಲ್ಲಿಸಲಾರಳು. ನೆಟ್‌ವರ್ಕ್ ಇಲ್ಲದಿರಲಿ, ಬ್ಯಾಟರಿ ಮುಗಿದಿರಲಿ, ತಾನಾಗಿ ನಿಲ್ಲಿಸಿರಲಿ, ಮೂರಕ್ಕೂ ‘ಈಗ ಸ್ಥಳ ಲಭ್ಯವಿಲ್ಲ’ ಎಂಬ ಒಂದೇ ಸಾಲು ಕಾಣಲಿ. ಸುಳ್ಳು ಸ್ಥಳ ತೋರಿಸುವ ಸೌಲಭ್ಯವನ್ನು ನಾನು ಒಪ್ಪುವುದಿಲ್ಲ. ಕಾರಣ ಹೇಳದಿರುವುದು ಬೇರೆ, ಸುಳ್ಳು ಹೇಳುವುದು ಬೇರೆ.

ಕಾನೂನನ್ನೂ ಕೇಳಿದ್ದೀರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೇ ಕಲಮಿನ ಪ್ರಕಾರ ಒಪ್ಪಿಗೆ ಸ್ವತಂತ್ರವಾಗಿ, ನಿರ್ದಿಷ್ಟವಾಗಿ, ತಿಳಿದು ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಆಗಬೇಕು. ಕೋರಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿಯೂ ಓದುವ ಅವಕಾಶವಿರಬೇಕು. ಅಂದರೆ ಕನ್ನಡ ನಿಮ್ಮ ಔದಾರ್ಯವಲ್ಲ. ಜೊತೆಗೆ, ಆ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರಿಗೆ ಪೋಷಕರ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕು. ಪಿಯುಸಿ ಹುಡುಗರನ್ನು ನೆಚ್ಚಿಕೊಂಡಿದ್ದರೆ ಈಗಲೇ ಯೋಚಿಸಿ.

ಪರದೆ ಸಿದ್ಧವಾದ ಮೇಲೆ ನಿಮ್ಮೂರಿನ ಬಸ್ ನಿಲ್ದಾಣಕ್ಕೆ ಹೋಗಿ, ಆ್ಯಪ್ ಕಟ್ಟುವುದರ ಗಂಧಗಾಳಿ ಇಲ್ಲದ ನಾಲ್ಕೈದು ಜನರ ಕೈಗೆ ಫೋನ್ ಕೊಟ್ಟು, ಐದು ನಿಮಿಷದ ನಂತರ ‘ಈಗ ನಿಮ್ಮನ್ನು ಯಾರು ಯಾರು ನೋಡುತ್ತಿದ್ದಾರೆ, ಎಷ್ಟು ಹೊತ್ತಿನವರೆಗೆ?’ ಎಂದು ಕೇಳಿ. ಅವರು ತಡವರಿಸಿದರೆ ಪರದೆಯನ್ನು ತಿದ್ದಿ, ಮತ್ತೆ ಬೇರೆ ನಾಲ್ವರ ಬಳಿ ಹೋಗಿ.